ಯಾರೂ ಮುಟ್ಟದೆ ಹೋಗುವ ಮಂಡಿ: ಕಬಡ್ಡಿ, ವಾಲಿಬಾಲ್ ತಂಡಗಳು ಅದನ್ನು ಉಳಿಸಿಕೊಳ್ಳುವ ಬಗೆ

ಆ ಸಂಜೆ ನಮ್ಮ ಹುಡುಗಿಯರ ಕಬಡ್ಡಿ ಅಭ್ಯಾಸ ಮುಗಿಯಲು ಇನ್ನು ಹತ್ತು ನಿಮಿಷವಿತ್ತು. ತಂಡದ ಅತ್ಯಂತ ಚುರುಕಾದ ರೈಡರ್ ಬಲಮೂಲೆಯ ಆಟಗಾರ್ತಿಯನ್ನು ಮುಟ್ಟುವಂತೆ ನಟಿಸಿ, ಚಂಗನೆ ಹಾರಿ, ಎಡಗಾಲಿನ ಮೇಲೆ ಇಳಿದು ಮಧ್ಯಗೆರೆಯ ಕಡೆಗೆ ತಿರುಗಿದಳು. ದೇಹ ತಿರುಗಿತು, ಪಾದ ತಿರುಗಲಿಲ್ಲ. ಒಣಕಡ್ಡಿ ಮುರಿದಂತಹ ಸದ್ದು ಅಂಕಣದ ಹೊರಗೆ ನಿಂತಿದ್ದ ನನಗೂ ಕೇಳಿಸಿತು. ಓಡಿಹೋಗಿ, "ಯಾರು ಹಿಡಿದರಮ್ಮ?" ಎಂದೆ. "ಯಾರೂ ಮುಟ್ಟಲೇ ಇಲ್ಲ ಸರ್" ಎಂದಳು. ರಾತ್ರಿ ಊಟದ ಹೊತ್ತಿಗೆ ಅವಳ ಮಂಡಿ ತೆಂಗಿನಕಾಯಿಯಷ್ಟು ಊದಿತ್ತು.

ಹರಿದದ್ದು ಎಸಿಎಲ್. ತೊಡೆಮೂಳೆಯನ್ನೂ ಅದರ ಕೆಳಗಿನ ಕಾಲುಮೂಳೆಯನ್ನೂ ಮಂಡಿಯ ನಡುವೆ ಓರೆಯಾಗಿ ಬಿಗಿದಿಡುವ ಅಸ್ಥಿರಜ್ಜು ಅದು. ಉದ್ದ ಮೂರು ಸೆಂಟಿಮೀಟರ್ ಆಸುಪಾಸು. ಕಾಲುಮೂಳೆ ಮುಂದಕ್ಕೆ ಜಾರದಂತೆ, ಮಂಡಿ ಅತಿಯಾಗಿ ತಿರುಚಿಕೊಳ್ಳದಂತೆ ತಡೆಯುವುದು ಅದರ ಕೆಲಸ. ಪೂರ್ತಿ ಹರಿದರೆ ಸಾಮಾನ್ಯವಾಗಿ ತಾನಾಗಿ ಮೊದಲಿನಂತೆ ಕೂಡಿಕೊಳ್ಳುವುದಿಲ್ಲ. ಇಂತಹ ಗಾಯಗಳಲ್ಲಿ ಹತ್ತಕ್ಕೆ ಸುಮಾರು ಏಳರಲ್ಲಿ ಎದುರಾಳಿಯ ಹೊಡೆತ ಮಂಡಿಗೆ ಬಿದ್ದಿರುವುದೇ ಇಲ್ಲ. ಹಾರಿ ಇಳಿಯುವಾಗ, ಓಟದ ನಡುವೆ ತಟ್ಟನೆ ನಿಲ್ಲುವಾಗ, ದಿಕ್ಕು ಬದಲಿಸುವಾಗ ರಜ್ಜು ಹರಿಯುತ್ತದೆ. ವರ್ಷದ ಶ್ರೇಷ್ಠ ಆಟಗಾರ್ತಿಗೆ ಸಲ್ಲುವ ಬ್ಯಾಲನ್ ಡೋರ್ ಪ್ರಶಸ್ತಿ ಗೆದ್ದಿದ್ದ ಸ್ಪೇನಿನ ಫುಟ್‌ಬಾಲ್ ಆಟಗಾರ್ತಿ ಅಲೆಕ್ಸಿಯಾ ಪುಟೆಯಾಸ್ ಅವರಿಗೆ 2022ರ ಜುಲೈನಲ್ಲಿ, ಯುರೋ ಟೂರ್ನಿ ಶುರುವಾಗುವ ಹೊಸ್ತಿಲಲ್ಲಿ, ಹೀಗೆ ಎಡಮಂಡಿ ಕೈಕೊಟ್ಟದ್ದು ಪಂದ್ಯದಲ್ಲಲ್ಲ, ಅಭ್ಯಾಸದಲ್ಲಿ.

ನಮ್ಮ ಹುಡುಗಿ ಹಾಗೆ ಇಳಿಯುವುದನ್ನು ನಾನು ಎರಡು ವರ್ಷ ನೋಡಿದ್ದೆ. ಪ್ರತಿ ಸಲವೂ ಅವಳ ಮಂಡಿ ಒಳಕ್ಕೆ ವಾಲುತ್ತಿತ್ತು. ನಾನು ಎಣಿಸುತ್ತಿದ್ದುದು ಅವಳು ತಂದ ಅಂಕಗಳನ್ನು. ಈ ಲೇಖನ ಬರೆಯಲು ಅದೇ ಕಾರಣ. ದೈಹಿಕ ಶಿಕ್ಷಣ ಶಿಕ್ಷಕರು, ಊರಿನ ಯುವಕ ಸಂಘದ ತಂಡ ನೋಡಿಕೊಳ್ಳುವವರು, ಸ್ವತಃ ಆಡುವವರು ಇದನ್ನು ಓದಿ ನಾಳೆಯೇ ಶುರುಮಾಡಬೇಕು ಎಂಬುದು ನನ್ನ ಆಸೆ. ದುಡ್ಡು ಬೇಕಿಲ್ಲ. ಒಂದು ಬೆಂಚು, ಸೀಮೆಸುಣ್ಣ, ಒಂದು ಮೊಬೈಲ್ ಸಾಕು.

ಮೊದಲ ಹೆಜ್ಜೆ: ಮಂಡಿಯನ್ನು ನೋಡುವುದು

ಮೊಣಕಾಲೆತ್ತರಕ್ಕಿಂತ ತುಸು ಕೆಳಗಿರುವ, ಸುಮಾರು ಒಂದಡಿ ಎತ್ತರದ ಗಟ್ಟಿ ಬೆಂಚು ಅಥವಾ ಮೆಟ್ಟಿಲು ಹುಡುಕಿ. ಆಟಗಾರರು ಒಬ್ಬೊಬ್ಬರಾಗಿ ಅದರ ಮೇಲಿಂದ ಎರಡೂ ಪಾದಗಳ ಮೇಲೆ ಇಳಿದು, ತಕ್ಷಣ ಮೇಲಕ್ಕೆ ನೆಗೆಯಲಿ. ನೀವು ಮುಂದೆ ಕುಳಿತು, ಮೊಬೈಲನ್ನು ಅವರ ಮಂಡಿಯ ಮಟ್ಟಕ್ಕೆ ಹಿಡಿದು, ನಿಧಾನಗತಿಯಲ್ಲಿ ಚಿತ್ರೀಕರಿಸಿ. ಚಡ್ಡಿ ಮಂಡಿಗಿಂತ ಮೇಲಿರಲಿ, ಇಲ್ಲವೇ ಟ್ರ್ಯಾಕ್ ಪ್ಯಾಂಟಿನ ಮೇಲೆ ಮಂಡಿಚಿಪ್ಪಿನ ಜಾಗದಲ್ಲಿ ಸೀಮೆಸುಣ್ಣದಿಂದ ಒಂದು ಚುಕ್ಕೆ ಇಡಿ.

ಚಿತ್ರದಲ್ಲಿ ನೋಡಬೇಕಾದದ್ದು ಇಷ್ಟು. ಇಳಿದ ಕ್ಷಣದಲ್ಲಿ ಆ ಚುಕ್ಕೆ ಕಾಲಿನ ಎರಡನೇ ಬೆರಳಿನ ನೇರಕ್ಕಿದೆಯೇ, ಅಥವಾ ಹೆಬ್ಬೆರಳನ್ನು ದಾಟಿ ಒಳಕ್ಕೆ ಬಂದಿದೆಯೇ? ಎರಡು ಮಂಡಿಗಳೂ ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದರೆ ಅದೇ ಅಪಾಯದ ಗುರುತು. ಮಂಡಿ ಬಾಗದೆ ಕಾಲು ಕೋಲಿನಂತೆ ಸೆಟೆದಿದ್ದರೆ ಅದು ಎರಡನೆಯದು. ಧಪ್ ಎಂದು ಸದ್ದಾದರೆ ಮೂರನೆಯದು. ಇದನ್ನು ಕಣ್ಣಿಗಿಂತ ಕಿವಿ ಬೇಗ ಹಿಡಿಯುತ್ತದೆ: ಬೆಕ್ಕಿನಂತೆ ಸದ್ದಿಲ್ಲದೆ ಇಳಿಯುವವರ ಸ್ನಾಯುಗಳು ಭಾರವನ್ನು ಹೀರಿಕೊಳ್ಳುತ್ತಿವೆ, ಧಪ್ಪೆಂದು ಇಳಿಯುವವರಲ್ಲಿ ಆ ಭಾರವೆಲ್ಲ ಕೀಲಿನ ಪಾಲಾಗುತ್ತಿದೆ.

ಆಮೇಲೆ ಒಂಟಿಕಾಲಿನಲ್ಲಿ ಅರ್ಧ ಬಸ್ಕಿ ಹೊಡೆಸಿ. ಇಲ್ಲಿ ಸೊಂಟ ಒಂದು ಬದಿಗೆ ಕುಸಿಯುವುದು, ಮಂಡಿ ನಡುಗುತ್ತ ಒಳಕ್ಕೆ ಹೋಗುವುದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಮೂಲ ದೋಷ ಹಲವು ಬಾರಿ ಮಂಡಿಯದ್ದಲ್ಲ, ಪೃಷ್ಠದ ಬದಿಯ ಸ್ನಾಯುಗಳಿಗೆ ಬಲ ಸಾಲದಿರುವುದರದ್ದು. ಚಿತ್ರವನ್ನು ಆಟಗಾರರಿಗೇ ತೋರಿಸಿ. "ಮಂಡಿ ಒಳಗೆ ಬಿಡಬೇಡ" ಎಂದು ನೂರು ಸಲ ಕೂಗಿದರೂ ಆಗದ ತಿದ್ದುಪಡಿ, ತಮ್ಮದೇ ಕಾಲನ್ನು ನಿಧಾನಗತಿಯಲ್ಲಿ ಒಮ್ಮೆ ನೋಡಿದಾಗ ಆಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಹುಡುಗಿಯರ ತಂಡವಾದರೆ ಈ ಹೆಜ್ಜೆಯನ್ನು ಬಿಡಲೇಬೇಡಿ. ಒಂದೇ ಬಗೆಯ ಆಟವಾಡುವ ಹುಡುಗರಿಗೆ ಹೋಲಿಸಿದರೆ ಹುಡುಗಿಯರಲ್ಲಿ ಎಸಿಎಲ್ ಹರಿಯುವ ಸಂಭವ ಎರಡು ಮೂರು ಪಟ್ಟು ಹೆಚ್ಚು. ದೇಹರಚನೆ ಒಂದು ಕಾರಣವಿರಬಹುದು. ಆದರೆ ಹುಡುಗರು ಮರ ಹತ್ತಿ, ಗೋಡೆ ಹಾರಿ ಬೆಳೆಯುವಾಗ ಹುಡುಗಿಯರನ್ನು ಮನೆಯಲ್ಲಿ ಕೂರಿಸಿ, ಎಂಟನೇ ತರಗತಿಯಲ್ಲಿ ಇದ್ದಕ್ಕಿದ್ದಂತೆ ತಾಲ್ಲೂಕು ತಂಡಕ್ಕೆ ಆಡು ಎನ್ನುತ್ತೇವಲ್ಲ, ಅದನ್ನು ನಾನು ಸಣ್ಣ ಕಾರಣ ಎಂದು ಒಪ್ಪಲಾರೆ.

ಎರಡನೆಯದು: ಆಟಕ್ಕೆ ಮುಂಚಿನ ತಾಲೀಮು

ನಮ್ಮ ಮೈದಾನಗಳಲ್ಲಿ ವಾರ್ಮ್ ಅಪ್ ಎಂದರೆ ಎರಡು ಸುತ್ತು ಓಟ, ನಿಂತಲ್ಲೇ ಕೈಕಾಲು ಎಳೆಯುವುದು, ಅಷ್ಟೇ. ಅದರಿಂದ ಮೈ ಬಿಸಿಯಾಗುತ್ತದೆ, ಮಂಡಿ ಉಳಿಯುವುದಿಲ್ಲ. ಪಾದ ನೆಲಕ್ಕೆ ತಾಕಿದ ಮೇಲೆ ಒಂದು ಸೆಕೆಂಡಿನ ಇಪ್ಪತ್ತೈದನೇ ಒಂದು ಪಾಲಿನಷ್ಟು ಹೊತ್ತಿನಲ್ಲಿ ರಜ್ಜು ಹರಿದುಹೋಗುತ್ತದೆ. ಅಷ್ಟರಲ್ಲಿ ಯೋಚಿಸಿ ಕಾಲು ಸರಿಪಡಿಸಿಕೊಳ್ಳಲು ಯಾರಿಂದಲೂ ಆಗದು. ಸರಿಯಾಗಿ ಇಳಿಯುವುದು ದೇಹಕ್ಕೆ ಮೊದಲೇ ರೂಢಿಯಾಗಿರಬೇಕು.

ಇದಕ್ಕೆ ಪರೀಕ್ಷೆಗೊಳಪಟ್ಟ ದಾರಿ ಇದೆ. ಫಿಫಾದ ವೈದ್ಯಕೀಯ ವಿಭಾಗ ನಾರ್ವೆ ಮತ್ತು ಅಮೆರಿಕದ ತಜ್ಞರೊಂದಿಗೆ ರೂಪಿಸಿದ 'ಫಿಫಾ 11+' ಎಂಬ ಇಪ್ಪತ್ತು ನಿಮಿಷದ ಕ್ರಮವನ್ನು ನಾರ್ವೆಯ 13ರಿಂದ 17 ವರ್ಷದ ಫುಟ್‌ಬಾಲ್ ಹುಡುಗಿಯರಲ್ಲಿ ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು: ತೀವ್ರ ಗಾಯಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು. ಸ್ವೀಡನ್ನಿನಲ್ಲಿ ನಾಲ್ಕೂವರೆ ಸಾವಿರ ಹುಡುಗಿಯರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆರಡು ಬಾರಿಯ ಹದಿನೈದೇ ನಿಮಿಷದ ತಾಲೀಮು ಎಸಿಎಲ್ ಗಾಯಗಳನ್ನು ಶೇ 64ರಷ್ಟು ತಗ್ಗಿಸಿತು. ಫುಟ್‌ಬಾಲಿಗೆಂದೇ ಮಾಡಿದ್ದಾದರೂ ಇಳಿಯುವ, ತಿರುಗುವ ಕಾಲು ಯಾವ ಆಟದಲ್ಲೂ ಒಂದೇ. ಕಬಡ್ಡಿ, ವಾಲಿಬಾಲ್, ಕೊಕ್ಕೊಗೆ ನಾನು ಹೊಂದಿಸಿಕೊಂಡ ಕ್ರಮ ಹೀಗಿದೆ.

ಮೊದಲು ಐದಾರು ನಿಮಿಷ ಓಟ. ಇಪ್ಪತ್ತು ಹೆಜ್ಜೆಯ ಅಂತರದಲ್ಲಿ ನೇರ ಓಟ. ನಡುನಡುವೆ ಮಂಡಿ ಎತ್ತಿ ಸೊಂಟದಿಂದ ಹೊರಕ್ಕೆ ತಿರುಗಿಸುವುದು, ಮರುಸಲ ಹೊರಗಿನಿಂದ ಒಳಕ್ಕೆ. ಅಡ್ಡಹೆಜ್ಜೆಯಲ್ಲಿ ಜೊತೆಗಾರರನ್ನು ಸುತ್ತುವುದು. ಜೊತೆಯಾಗಿ ನೆಗೆದು ಭುಜಕ್ಕೆ ಭುಜ ತಾಗಿಸಿ ಎರಡೂ ಕಾಲಿನ ಮೇಲೆ ಇಳಿಯುವುದು. ಮುಂದೆ ಓಡಿ ಹಿಂದಕ್ಕೆ ಓಡುವುದು. ಒಂದೊಂದೂ ಎರಡು ಸಲ.

ಆಮೇಲೆ ಬಲದ ಕೆಲಸ, ಎಂಟು ಹತ್ತು ನಿಮಿಷ. ಮುಂಗೈ ಮತ್ತು ಕಾಲ್ಬೆರಳ ಮೇಲೆ ದೇಹವನ್ನು ಹಲಗೆಯಂತೆ ನೇರವಾಗಿ ಹಿಡಿಯುವುದು, ಇಪ್ಪತ್ತರಿಂದ ಮೂವತ್ತು ಸೆಕೆಂಡು, ಮೂರು ಸಲ. ಅದನ್ನೇ ಬಲ ಬದಿಗೆ, ಎಡ ಬದಿಗೆ. ಒಂಟಿಕಾಲಿನಲ್ಲಿ ನಿಂತು ಜೊತೆಗಾರರಿಗೆ ಚೆಂಡು ಎಸೆದು ಹಿಡಿಯುವುದು, ಒಂದೊಂದು ಕಾಲಿಗೆ ಮೂವತ್ತು ಸೆಕೆಂಡು, ಮಂಡಿ ತುಸು ಬಾಗಿರಲಿ. ಬಸ್ಕಿ ಮೂವತ್ತು ಸೆಕೆಂಡು, ನಿಧಾನವಾಗಿ, ಮಂಡಿ ಬೆರಳಿನ ನೇರಕ್ಕೆ. ಬಸ್ಕಿಯನ್ನು ಶಿಕ್ಷೆಯಾಗಿ ಹೊಡೆಸುವ ಅಭ್ಯಾಸವನ್ನು ದಯವಿಟ್ಟು ಕೈಬಿಡಿ. ಅವಮಾನದ ನೆನಪಿರುವ ಮಕ್ಕಳು ಅದನ್ನು ಎಂದೂ ಶ್ರದ್ಧೆಯಿಂದ ಮಾಡುವುದಿಲ್ಲ, ನೂರು ನೂರೈವತ್ತು ಎಣಿಸುವ ಭರದಲ್ಲಿ ಮಂಡಿ ಎಲ್ಲೆಲ್ಲೋ ಹೋಗುತ್ತದೆ.

ಇವೆಲ್ಲಕ್ಕಿಂತ ನಾನು ಹೆಚ್ಚು ನೆಚ್ಚಿಕೊಂಡಿರುವುದು ತೊಡೆಯ ಹಿಂಭಾಗದ ಸ್ನಾಯುವಿನ ವ್ಯಾಯಾಮವನ್ನು. ಚಾಪೆಯ ಮೇಲೆ ಮಂಡಿಯೂರಿ ನೆಟ್ಟಗೆ ನಿಲ್ಲಬೇಕು. ಜೊತೆಗಾರರು ಹಿಂದೆ ಕುಳಿತು ಹರಡುಗಳನ್ನು ನೆಲಕ್ಕೆ ಒತ್ತಿ ಹಿಡಿಯಬೇಕು. ಈಗ ತಲೆಯಿಂದ ಮಂಡಿಯವರೆಗೆ ದೇಹವನ್ನು ಒಂದೇ ಗೆರೆಯಲ್ಲಿ ಇಟ್ಟುಕೊಂಡು, ಮರ ವಾಲುವಂತೆ ನಿಧಾನವಾಗಿ ಮುಂದಕ್ಕೆ ಬಾಗುವುದು. ತಡೆಯಲಾಗದೆ ಬೀಳುವ ಹಂತ ಬಂದಾಗ ಅಂಗೈ ಊರಿ ಇಳಿಯುವುದು. ಸೊಂಟ ಮುರಿದು ಹಿಂದಕ್ಕೆ ಚಾಚಿಕೊಂಡರೆ ಲೆಕ್ಕಕ್ಕಿಲ್ಲ. ಕಾಲುಮೂಳೆ ಮುಂದಕ್ಕೆ ಜಾರದಂತೆ ಎಸಿಎಲ್‌ಗೆ ಹೆಗಲು ಕೊಡುವ ಸ್ನಾಯು ಇದೇ. ಆರಂಭದಲ್ಲಿ ಮೂರರಿಂದ ಐದು ಸಲ ಸಾಕು. ಮೊದಲ ವಾರ ತೊಡೆ ಚೆನ್ನಾಗಿ ನೋಯುತ್ತದೆಂದು ಮೊದಲೇ ಹೇಳಿಬಿಡಿ, ಪಂದ್ಯದ ಹಿಂದಿನ ದಿನ ಹೊಸದಾಗಿ ಶುರುಮಾಡಬೇಡಿ. ಕೆಲವು ತಿಂಗಳಲ್ಲಿ ಹತ್ತು ಹನ್ನೆರಡಕ್ಕೆ ಏರಿಸಬಹುದು.

ಕೊನೆಗೆ ಎರಡು ನಿಮಿಷ ವೇಗದ ಓಟ, ಅದರಲ್ಲೇ ಹೆಜ್ಜೆಯೂರಿ ದಿಕ್ಕು ಬದಲಿಸುವುದು.

ಅಭ್ಯಾಸ ಇರುವ ವಾರದಲ್ಲಿ ಕನಿಷ್ಠ ಎರಡು ದಿನ, ಸಾಧ್ಯವಾದರೆ ಮೂರು ದಿನ. ಫಲ ಕಾಣಲು ಆರೆಂಟು ವಾರ ಬೇಕು. ಹೋಬಳಿ ಮಟ್ಟದ ಪಂದ್ಯಕ್ಕೆ ಹದಿನೈದು ದಿನವಿರುವಾಗ ತಂಡ ಕಟ್ಟುವ ನಮ್ಮ ಪದ್ಧತಿಯಲ್ಲಿ ಇದಕ್ಕೆ ಜಾಗವೇ ಇರುವುದಿಲ್ಲ. ಆದ್ದರಿಂದ ಶಾಲೆ ತೆರೆದ ವಾರದಿಂದಲೇ ಶುರುವಾಗಲಿ. ಪಂದ್ಯಗಳು ನಡೆಯುವ ತಿಂಗಳುಗಳಲ್ಲೂ ನಿಲ್ಲಿಸಬೇಡಿ.

ಮೂರನೆಯದು: ಇಳಿಯಲು, ತಿರುಗಲು ಕಲಿಸುವುದು

ಇಳಿಯುವಾಗ ತುದಿಗಾಲು ಮೊದಲು ತಾಕಿ ಹಿಮ್ಮಡಿ ಆಮೇಲೆ ಊರಲಿ. ಸೊಂಟ ಹಿಂದಕ್ಕೆ, ಕುರ್ಚಿಯಲ್ಲಿ ಕೂರಲು ಹೊರಟಂತೆ; ಎದೆ ತುಸು ಮುಂದಕ್ಕೆ. ಕುಂಟಾಬಿಲ್ಲೆ ಆಡಿದವರಿಗೆ ಇದು ಬೇಗ ಒಲಿಯುತ್ತದೆ. ನೆಲದ ಮೇಲೆ ಮನೆಗಳನ್ನು ಬರೆದು, ಒಂಟಿಕಾಲಿನಲ್ಲಿ ಮುಂದೆ, ಪಕ್ಕಕ್ಕೆ ಹಾರಿ, ಪ್ರತಿ ಮನೆಯಲ್ಲೂ ಅಲುಗದೆ ಎರಡು ಎಣಿಸುವವರೆಗೆ ನಿಲ್ಲಿಸಿ ನೋಡಿ.

ವಾಲಿಬಾಲಿನಲ್ಲಿ ಸ್ಮ್ಯಾಷ್ ಹೊಡೆದವರು ಹಲವು ಬಾರಿ ಒಂದೇ ಕಾಲಿನ ಮೇಲೆ ಇಳಿಯುತ್ತಾರೆ. ಚೆಂಡು ಕೈಗೆ ಸಿಗುವಷ್ಟು ಸರಿಯಾಗಿ ಎತ್ತಿಕೊಟ್ಟರೆ ಎರಡೂ ಕಾಲಿನ ಮೇಲೆ ಇಳಿಯಬಹುದು. ಹಾಗಾಗಿ ಸೆಟ್ಟರ್ ಎತ್ತುವ ಚೆಂಡೂ ಮಂಡಿಯ ಲೆಕ್ಕಕ್ಕೇ ಸೇರುತ್ತದೆ.

ದಿಕ್ಕು ಬದಲಿಸುವಾಗ ಒಂದೇ ಉದ್ದನೆಯ ಹೆಜ್ಜೆ ಚಾಚಿ ಊರುವುದೇ ಅಪಾಯ. ಮೂರು ಚಿಕ್ಕ ಹೆಜ್ಜೆಯಲ್ಲಿ ವೇಗ ತಗ್ಗಿಸಿ, ಪಾದ ದೇಹದ ಕೆಳಗೇ ಇರುವಂತೆ ಊರಿ, ಪಾದವೂ ಮಂಡಿಯೂ ಹೋಗಬೇಕಾದ ಕಡೆಗೆ ಒಟ್ಟಿಗೆ ತಿರುಗಲಿ. ರೈಡರ್‌ಗಳಿಗೆ ಇದನ್ನು ನಿಧಾನ ನಡಿಗೆಯಲ್ಲಿ ಕಲಿಸಿ, ಆಮೇಲೆ ಓಟದಲ್ಲಿ, ಕೊನೆಗೆ ಕಬಡ್ಡಿ ಕಬಡ್ಡಿ ಎಂದು ಉಸಿರು ಹಿಡಿದು ದಾಳಿ ಮಾಡುವಾಗ. ಮೂವತ್ತು ಸೆಕೆಂಡಿನ ದಾಳಿಯಲ್ಲಿ ಕೊನೆಯ ಐದು ಸೆಕೆಂಡಿನ ಕಾಲು ಮೊದಲ ಐದು ಸೆಕೆಂಡಿನ ಕಾಲಿನಂತಿರುವುದಿಲ್ಲ, ಗಮನಿಸಿ.

ಕಬಡ್ಡಿಯಲ್ಲಿ ಹಿಡಿತದ ಗಾಯಗಳೂ ಇವೆ. ಹರಡು ಸಿಕ್ಕಿಬಿದ್ದ ರೈಡರ್ ನಿಂತುಕೊಂಡೇ ಮೈ ತಿರುಚಿ ಕಾಲು ಕಿತ್ತುಕೊಳ್ಳಲು ಹೋದಾಗ ಆ ತಿರುಚು ನೇರ ಮಂಡಿಗೆ ಹೋಗುತ್ತದೆ. ತಗ್ಗಿ, ಮಧ್ಯಗೆರೆಯತ್ತ ಮೈ ಚೆಲ್ಲಿ ಕೈ ಚಾಚುವುದನ್ನು ಕಲಿಸಿ. ಹಿಡಿಯುವವರಿಗೆ ಹೇಳಬೇಕಾದದ್ದು: ನೆಲಕ್ಕೆ ಊರಿದ ಕಾಲಿನ ಮಂಡಿಯ ಮೇಲೆ ಹೊರಬದಿಯಿಂದ ಬೀಳಬಾರದು, ಸೊಂಟ, ತೊಡೆ, ಹರಡು ಹಿಡಿಯಬೇಕು, ಸೀಟಿ ಕೇಳಿದ ಕ್ಷಣ ಹಿಡಿತ ಬಿಡಬೇಕು. ಅಭ್ಯಾಸದಲ್ಲಿ ಸೀಟಿ ಮುಗಿದ ಮೇಲೂ ಎಳೆಯುವವರನ್ನು ನಾನು ಆ ದಿನ ಆಡಿಸುವುದಿಲ್ಲ, ಎಷ್ಟೇ ಒಳ್ಳೆಯ ಆಟಗಾರರಾಗಿರಲಿ.

ನಾಲ್ಕನೆಯದು: ಅಂಕಣ ಮತ್ತು ಕಾಲಿಗೆ ಹಾಕುವುದು

ಮ್ಯಾಟ್ ತುಂಡುಗಳನ್ನು ಹಲ್ಲಿಗೆ ಹಲ್ಲು ಕೂಡಿಸಿ ಹಾಸಿರುತ್ತಾರೆ. ಪಂದ್ಯಕ್ಕೆ ಮುಂಚೆ ಬರಿಗಾಲಿನಲ್ಲಿ ಅಂಕಣದ ಉದ್ದಗಲ ನಡೆದು ನೋಡಿ. ಎಲ್ಲಿಯಾದರೂ ಹಲ್ಲು ಬಿಟ್ಟುಕೊಂಡು ಬೆರಳು ಸಿಕ್ಕುವಷ್ಟು ಸಂದಿದ್ದರೆ ಅಲ್ಲೇ ಪಾದ ನಿಲ್ಲುತ್ತದೆ, ಮೈ ಮುಂದೆ ಹೋಗುತ್ತದೆ. ಮ್ಯಾಟಿನ ಕೆಳಗಿನ ಗದ್ದೆ ಅಥವಾ ಮೈದಾನ ತಗ್ಗುದಿಣ್ಣೆಯಾಗಿದ್ದರೂ ಅಷ್ಟೇ. ಮಣ್ಣಿನ ಅಂಕಣವಾದರೆ ಕಲ್ಲು ಆರಿಸಿ, ಮಣ್ಣು ಸಡಿಲಿಸಿ, ಹದವಾಗಿ ನೀರು ಚಿಮುಕಿಸಿ.

ಶೂ ಜಾರಬಾರದು, ಅತಿಯಾಗಿ ಕಚ್ಚಿಕೊಳ್ಳಲೂಬಾರದು. ಮ್ಯಾಟಿನ ಮೇಲೆ ಹೊಸ ಶೂ ಮೊದಲ ಬಾರಿ ಹಾಕುವುದು ಫೈನಲ್ ದಿನವಾಗದಿರಲಿ. ಬಟ್ಟೆಯ ನೀ ಕ್ಯಾಪ್ ಚರ್ಮ ತರಚದಂತೆ ಕಾಯುತ್ತದೆ, ಮಂಡಿ ತಿರುಚುವುದನ್ನು ತಡೆಯುವುದಿಲ್ಲ.

ಐದನೆಯದು: ರಾತ್ರಿಯ ಪಂದ್ಯಾಟಗಳು

ಕರಾವಳಿಯಲ್ಲಿ ಆಡಿದವರಿಗೆ ಹೊನಲು ಬೆಳಕಿನ ಪಂದ್ಯಾಟದ ಸಡಗರ ಹೇಳಬೇಕಾಗಿಲ್ಲ. ಉದ್ಘಾಟನೆ, ಸನ್ಮಾನ ಮುಗಿದು ಮೊದಲ ಪಂದ್ಯ ಶುರುವಾಗುವಾಗ ಹತ್ತು ಗಂಟೆ. ನಿಮ್ಮ ಮೊದಲ ಪಂದ್ಯ ಹನ್ನೊಂದಕ್ಕೆ, ಮುಂದಿನದು ಎರಡೂವರೆಗೆ, ಗೆದ್ದರೆ ಸೆಮಿಫೈನಲ್ ಬೆಳಗಿನ ಜಾವ. ನಡುವೆ ಆಟಗಾರರು ಪ್ಲಾಸ್ಟಿಕ್ ಕುರ್ಚಿಯಲ್ಲೋ ವ್ಯಾನಿನೊಳಗೋ ಮುದುಡಿ ಮಲಗಿರುತ್ತಾರೆ. ಮೈಕಿನಲ್ಲಿ ತಂಡದ ಹೆಸರು ಕೂಗಿದ ಕೂಡಲೇ ಕಣ್ಣುಜ್ಜಿಕೊಂಡು ಅಂಕಣಕ್ಕೆ. ಅಷ್ಟು ಹೊತ್ತಿಗೆ ಮ್ಯಾಟಿನ ಮೇಲೆ ಇಬ್ಬನಿ ಕುಳಿತಿರುತ್ತದೆ. ದಣಿದ ಸ್ನಾಯು, ತಣ್ಣಗಾದ ಮೈ, ಜಾರುವ ನೆಲ ಮೂರೂ ಒಂದೇ ಕಡೆ ಸೇರುವ ಹೊತ್ತು ಅದು.

ಇಲ್ಲಿ ಕಟ್ಟುನಿಟ್ಟಾಗಿರಿ. ಪ್ರತಿ ಪಂದ್ಯಕ್ಕೂ ಮುಂಚೆ, ಅದು ರಾತ್ರಿಯ ಮೂರನೆಯದೇ ಆಗಿರಲಿ, ಐದಾರು ನಿಮಿಷ ಮತ್ತೆ ಮೈ ಬಿಸಿ ಮಾಡಿಸಿ: ಓಟ, ಅಡ್ಡಹೆಜ್ಜೆ, ನಾಲ್ಕಾರು ನೆಗೆತ. ನಿಮ್ಮದಕ್ಕೆ ಹಿಂದಿನ ಪಂದ್ಯದ ಎರಡನೇ ಅವಧಿ ಶುರುವಾದಾಗ ಎಲ್ಲರನ್ನೂ ಎಬ್ಬಿಸಿದರೆ ಸಮಯ ಸಾಕಾಗುತ್ತದೆ. ಬಿಡುವಿನಲ್ಲಿ ಬೆವರಿನ ಜೆರ್ಸಿ ಬದಲಿಸಿ, ಮೇಲಂಗಿ ಹಾಕಿಸಿ, ನೀರು ಮತ್ತು ಬಾಳೆಹಣ್ಣು ಕೊಡಿ. ಮ್ಯಾಟ್ ಒರೆಸಿಕೊಡಲು ಸಂಘಟಕರನ್ನು ಕೇಳುವುದು ನಿಮ್ಮ ಹಕ್ಕು. ಕಾಲೆಳೆಯುತ್ತಿರುವ ರೈಡರನ್ನು ಹೊರಗೆ ಕೂರಿಸಿ. ಊರಿನವರು ಬೈದರೆ ಆ ಬೈಗುಳ ನಿಮಗಿರಲಿ.

ಹದಿನಾಲ್ಕು ಹದಿನೈದರ ಮಕ್ಕಳು ಶಾಲೆ, ಸಂಘ, ಹಾಸ್ಟೆಲ್ ಎಂದು ಮೂರು ತಂಡಗಳಿಗೆ ಆಡುವುದುಂಟು. ಮಂಡಿಚಿಪ್ಪಿನ ಕೆಳಗಿನ ಉಬ್ಬಿನಲ್ಲಿ ನೋವು ಎಂದರೆ ಬೆಳೆಯುವ ಮೂಳೆಯ ಮೇಲೆ ಎಳೆತ ಹೆಚ್ಚಾಗಿದೆ ಎಂದರ್ಥ. ನೆಗೆತ ಕಡಿಮೆ ಮಾಡಿ, ವಾರಕ್ಕೊಂದೆರಡು ದಿನ ಪೂರ್ತಿ ಬಿಡುವು ಕೊಡಿ. ಹೊಟ್ಟೆಗೆ ಸಾಲದೆ ಆಡುವ ಹುಡುಗಿಯರಲ್ಲಿ ಮುಟ್ಟು ತಿಂಗಳುಗಟ್ಟಲೆ ನಿಂತರೆ ಅದು ಮೂಳೆಗೂ ಕೆಡುಕು. ಈ ಮಾತು ಆಡಲು ತಂಡದ ಜೊತೆ ಒಬ್ಬ ಅಕ್ಕ ಇರಬೇಕು.

ಆದರೂ ಪೆಟ್ಟಾದರೆ

ಸದ್ದು ಕೇಳಿಸಿದರೆ, ಕೆಲವೇ ಗಂಟೆಗಳಲ್ಲಿ ಮಂಡಿ ಊದಿದರೆ, ವೈದ್ಯರು ಅಲ್ಲ ಎನ್ನುವವರೆಗೆ ಅದನ್ನು ಎಸಿಎಲ್ ಎಂದೇ ತಿಳಿಯಿರಿ. ಆಟ ಅಲ್ಲಿಗೆ ನಿಲ್ಲಬೇಕು. ಬಟ್ಟೆಯಲ್ಲಿ ಸುತ್ತಿದ ಐಸ್ ಹದಿನೈದು ಇಪ್ಪತ್ತು ನಿಮಿಷ, ಬ್ಯಾಂಡೇಜ್, ಕಾಲು ದಿಂಬಿನ ಮೇಲೆ ಎತ್ತರಕ್ಕೆ. ಎಣ್ಣೆ ಹಚ್ಚಿ ನೀವಬೇಡಿ, ಬಿಸಿನೀರಿನ ಶಾಖ ಕೊಡಬೇಡಿ, "ಕೀಲು ಸರಿದಿದೆ, ಎಳೆದು ಕೂರಿಸುತ್ತೇನೆ" ಎನ್ನುವವರ ಕೈಗೆ ಕಾಲು ಕೊಡಬೇಡಿ. ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ ಎಕ್ಸ್‌ರೇ ಬೇಕು. ಪಾದ ತಣ್ಣಗಾಗಿ ಜೋಮು ಹಿಡಿದರೆ ಒಂದು ಕ್ಷಣವೂ ಕಾಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ಊತ ಇಳಿದ ಮೇಲೆ ಮಂಡಿ ಸರಿಯಾದಂತೆಯೇ ಅನಿಸುತ್ತದೆ, ಹಲವರು ಮೋಸಹೋಗುವುದು ಆಗಲೇ. ರಜ್ಜು ಇಲ್ಲದ ಮಂಡಿಯಲ್ಲಿ ಮತ್ತೆ ಆಡಿದರೆ, ಒಳಗಿನ ಮೆನಿಸ್ಕಸ್ ಎಂಬ ಮೆತ್ತೆಯೂ ಹರಿಯಬಹುದು.

ಶಸ್ತ್ರಚಿಕಿತ್ಸೆಯಾದವರು ಒಂಬತ್ತು ತಿಂಗಳಿಗೆ ಮುಂಚೆ ಅಂಕಣಕ್ಕೆ ಮರಳಬಾರದು. ನಾರ್ವೆಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂಬತ್ತನೇ ತಿಂಗಳವರೆಗೆ ಒಂದೊಂದು ತಿಂಗಳು ಕಾದಷ್ಟೂ ಮರುಗಾಯದ ಸಂಭವ ಅರ್ಧದಷ್ಟು ಇಳಿಯುತ್ತಿತ್ತು. ತಿಂಗಳ ಲೆಕ್ಕವೊಂದೇ ಸಾಲದು, ಕಾಲೂ ಸಿದ್ಧವಾಗಿರಬೇಕು. ಒಂಟಿಕಾಲಿನಲ್ಲಿ ಮುಂದಕ್ಕೆ ಹಾರಿ ಅಲುಗದೆ ನಿಂತ ದೂರವನ್ನು ಟೇಪಿನಿಂದ ಅಳೆಯಿರಿ. ಪೆಟ್ಟಾದ ಕಾಲು ಇನ್ನೊಂದರ ಶೇ 90ರಷ್ಟಾದರೂ ಹಾರಬೇಕು. ಅದರ ಜೊತೆಗೆ ಫಿಸಿಯೋಥೆರಪಿಸ್ಟ್ ತೊಡೆಯ ಬಲವನ್ನು ಅಳೆದು ಒಪ್ಪಬೇಕು.

ನಮ್ಮ ಹುಡುಗಿ ಹತ್ತನೇ ತಿಂಗಳಲ್ಲಿ ಹಾರಿದಾಗ ಬಲಗಾಲು 145 ಸೆಂಟಿಮೀಟರ್, ಎಡಗಾಲು 132. ಶೇ 91. ಟೇಪು ಹಿಡಿದಿದ್ದವಳು ಅವಳ ತಂಗಿ. ಎರಡು ಸಲ ಅಳೆದಳು. ಆ ಸಂಜೆ ಎದುರು ಬದಿಯಲ್ಲಿ ಯಾರನ್ನೂ ನಿಲ್ಲಿಸದೆ ಅವಳಿಗೆ ಆರು ದಾಳಿ ಮಾಡಿಸಿದೆವು. ನಾನು ಮೊಬೈಲ್ ಹಿಡಿದು ಮಧ್ಯಗೆರೆಯ ಮೇಲೆ ಕುಳಿತಿದ್ದೆ. ಆರು ಸಲವೂ ಪಾದ, ಮಂಡಿ ಒಟ್ಟಿಗೆ ತಿರುಗಿದವು.